ಇಲ್ಲದ ವಿದ್ಯೆಗೆ ಇರುವ ಪಾಠ

ಹ್ಯಾರಿ ಪಾಟರ್ ಓದಿ ಬೆಳೆದ ನನ್ನ ತಲೆಮಾರಿನ ಅನೇಕರು ಒಂದಲ್ಲ ಒಂದು ಕಾಲಕ್ಕೆ ಹಾಗ್ವಾರ್ಟ್ಸ್ ಶಾಲೆಗೆ ‘ಸೇರಿ’ದವರು. ಇದು ಬರೀ ಮಾತಿನ ಅಲಂಕಾರವಲ್ಲ. ಅಭಿಮಾನಿಗಳೇ ಕೂಡಿ ಅಂತರ್ಜಾಲದಲ್ಲಿ ನಡೆಸುವ ಆಟದ ಶಾಲೆಗಳಿವೆ. ಅಲ್ಲಿ ಒಬ್ಬರು ಮಾಯಾಮದ್ದಿನ ಮೇಷ್ಟ್ರು, ಇನ್ನೊಬ್ಬರು ಮಾಂತ್ರಿಕ ಸಸ್ಯಗಳ ಟೀಚರು. ಅವರು ಪಾಠ ಬರೆಯುತ್ತಾರೆ, ಹೋಂವರ್ಕ್ ಕೊಡುತ್ತಾರೆ, ತಿದ್ದುತ್ತಾರೆ. ಬಂದ ಅಂಕ ವಿದ್ಯಾರ್ಥಿ ಸೇರಿದ ‘ಹೌಸ್’ನ ಲೆಕ್ಕಕ್ಕೆ ಹೋಗುತ್ತದೆ, ಅವಧಿಯ ಕೊನೆಗೆ ಒಂದು ಹೌಸ್ ಗೆಲ್ಲುತ್ತದೆ. ಈ ಮದ್ದು ಕುದಿಯುವುದಿಲ್ಲ, ಈ ಮಂತ್ರಕ್ಕೆ ಒಂದು ಗರಿಯೂ ಮೇಲೇಳುವುದಿಲ್ಲ ಎನ್ನುವುದು ಕಲಿಸುವವರಿಗೂ ಗೊತ್ತು, ಕಲಿಯುವವರಿಗೂ ಗೊತ್ತು.

ಇದನ್ನು ಮಕ್ಕಳಾಟ ಎಂದು ತಳ್ಳಿಹಾಕುವುದು ಸುಲಭ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಯಾವ ಲೋಕವನ್ನು ಬೇಕಾದರೂ ಕಲ್ಪಿಸಿಕೊಳ್ಳುವ ಸ್ವಾತಂತ್ರ್ಯ ಇದ್ದಾಗ ಇವರು ಹೋಂವರ್ಕನ್ನೇ ಯಾಕೆ ಕಲ್ಪಿಸಿಕೊಂಡರು? ನನಗೆ ತೋರುವ ಉತ್ತರ ಇದು: ಅವರು ಅಲ್ಲಿ ಮಾಡುತ್ತಿರುವುದು ಮಾಟವನ್ನಲ್ಲ, ಓದನ್ನು. ಇನ್ನೂ ಸ್ಪಷ್ಟವಾಗಿ ಹೇಳುವುದಾದರೆ, ವಿಮರ್ಶೆಯನ್ನು.

ಒಂದು ಉದಾಹರಣೆ ನೋಡೋಣ. 2007ರಲ್ಲಿ ಬಂದ ಏಳನೆಯ ಪುಸ್ತಕದಲ್ಲಿ, ಡೇರೆಯಲ್ಲಿ ಹಸಿದು ಕೂತ ಗೆಳೆಯರಿಗೆ ಹರ್ಮಾಯ್ನಿ ಗ್ಯಾಂಪ್ ಎಂಬವನ ನಿಯಮವನ್ನು ನೆನಪಿಸುತ್ತಾಳೆ. ಮಂತ್ರದಿಂದ ಶೂನ್ಯದಲ್ಲಿ ಅನ್ನ ಹುಟ್ಟಿಸಲಾಗದು. ಆ ನಿಯಮಕ್ಕಿರುವ ಐದು ಅಪವಾದಗಳಲ್ಲಿ ಆಹಾರವೂ ಒಂದು. ಉಳಿದ ನಾಲ್ಕು ಯಾವುವು? ಪುಸ್ತಕ ಹೇಳುವುದಿಲ್ಲ. ಆಟದ ಶಾಲೆಯ ಟೀಚರಿಗೆ ಈ ಮೌನವನ್ನು ದಾಟಿ ಹೋಗುವ ಅನುಕೂಲವಿಲ್ಲ. ಅದರ ಮೇಲೇ ಪಾಠ ಕಟ್ಟಬೇಕು. ಹಣ ಆ ಪಟ್ಟಿಯಲ್ಲಿರಬೇಕು, ಇಲ್ಲವಾದರೆ ರಾನ್ ಅಣ್ಣಂದಿರ ಹಳೆಯ ಬಟ್ಟೆ, ಹಳೆಯ ಪುಸ್ತಕಗಳಲ್ಲಿ ದಿನ ತಳ್ಳಬೇಕಿರಲಿಲ್ಲ. ಜೀವ ಇರಬೇಕು, ಇಲ್ಲವಾದರೆ ಹ್ಯಾರಿ ಅನಾಥನಾಗಿ ಉಳಿಯುತ್ತಿರಲಿಲ್ಲ. ಹೀಗೆ ಪ್ರತಿ ಊಹೆಗೂ ಪುಸ್ತಕದಿಂದಲೇ ಸಾಕ್ಷಿ ತರಬೇಕು. ಅಂಕಿಗಳಿಂದ ಭವಿಷ್ಯ ಹೇಳುವ ಅರಿತ್ಮನ್ಸಿಯದ್ದೂ ಇದೇ ಕಥೆ. ಆ ವಿಷಯವನ್ನು ಹರ್ಮಾಯ್ನಿ ಕಲಿಯುತ್ತಾಳೆ, ಹ್ಯಾರಿ ಕಲಿಯುವುದಿಲ್ಲ. ಕಥೆ ಹ್ಯಾರಿಯ ಹೆಗಲ ಮೇಲಿಂದ ಕಾಣುವುದರಿಂದ ನಮಗೂ ಆ ತರಗತಿಯ ಬಾಗಿಲು ತೆರೆಯುವುದಿಲ್ಲ. ಅದರ ಪಠ್ಯಕ್ರಮ ಬರೆಯಲು ಕೂತವರಿಗೆ, ಕಥೆಯ ದೃಷ್ಟಿಕೋನ ಎಂದರೇನು ಎಂಬುದನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ.

ನನ್ನ ಊರು ನರಿಮೊಗರು. ಪುತ್ತೂರು, ಸುಳ್ಯ, ಕಡಬದ ಕಡೆಯವರಿಗೆ ಈ ಕೆಲಸ ಬೇರೊಂದು ಹೆಸರಿನಲ್ಲಿ ಚೆನ್ನಾಗಿ ಗೊತ್ತು: ಅರ್ಥಗಾರಿಕೆ. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ ತಾಳಮದ್ದಳೆಯ ಕಾಲ. ವೇಷವಿಲ್ಲ, ಕುಣಿತವಿಲ್ಲ. ಪಂಚೆ ಶಲ್ಯದಲ್ಲಿ ಕೂತವರು ಅಡಿಕೆ ಕೃಷಿಕರೋ ಮೇಷ್ಟ್ರೋ ಆಗಿರಬಹುದು. ಭಾಗವತರ ಪದ್ಯ ಮುಗಿದ ಕೂಡಲೇ ಒಬ್ಬರು ವಾಲಿ, ಇನ್ನೊಬ್ಬರು ರಾಮ. ಪದ್ಯ ನಾಲ್ಕು ಸಾಲಿನದು, ಅರ್ಥ ಅರ್ಧ ಗಂಟೆಯದು. ಬಾಯಿಪಾಠ ಮಾಡಿದ ಮಾತಲ್ಲ, ಅಲ್ಲಿಯೇ ಕಟ್ಟಿದ್ದು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006), ಸುಳ್ಯ ಸೀಮೆಯ ದೇರಾಜೆ ಸೀತಾರಾಮಯ್ಯನವರು ಇಂದಿಗೂ ಇಲ್ಲಿ ಮಾತಿಗೆ ಬರುವುದು ಯಾವ ಪಾತ್ರಕ್ಕೆ ಯಾವ ಹೊಸ ಅರ್ಥ ಹೊಳೆಯಿಸಿದರು ಎಂಬ ಕಾರಣಕ್ಕೆ. ಸ್ವಾತಂತ್ರ್ಯ ಬಹಳ ಇದೆ, ಬೇಲಿಯೂ ಇದೆ. ವಾದದಲ್ಲಿ ವಾಲಿ ಗೆಲ್ಲಬಹುದು. ಪ್ರಸಂಗದಲ್ಲಿ ಅವನು ಸಾಯಲೇಬೇಕು. ಹಾಗ್ವಾರ್ಟ್ಸ್‌ನ ಆಟದ ಮೇಷ್ಟ್ರೂ ಅಷ್ಟೇ: ಗ್ಯಾಂಪನ ನಿಯಮಕ್ಕೆ ಏನು ಅರ್ಥ ಬೇಕಾದರೂ ಹೇಳಲಿ, ಶೂನ್ಯದಿಂದ ಅನ್ನ ಹುಟ್ಟಿಸುವಂತಿಲ್ಲ.

ಆದರೆ ಈ ಹೋಲಿಕೆಗೆ ಒಂದು ಮಿತಿ ಇದೆ, ಆಟದ ಶಾಲೆಯ ಕೊರತೆಯೂ ಅಲ್ಲೇ ಕಾಣುತ್ತದೆ. ತಾಳಮದ್ದಳೆಯಲ್ಲಿ ಎದುರು ಅರ್ಥಧಾರಿ ಇರುತ್ತಾನೆ. ‘ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ’ ಎಂದು ವಾಲಿ ಕೇಳಿದರೆ ರಾಮ ಆ ಕ್ಷಣವೇ ಉತ್ತರಿಸಬೇಕು. ಆಟದ ಶಾಲೆಯಲ್ಲಿ ಟೀಚರೂ ವಿದ್ಯಾರ್ಥಿಯೂ ಒಂದೇ ಪುಸ್ತಕದ ಭಕ್ತರು. ಭಕ್ತರ ನಡುವೆ ಜಗಳ ಕಡಿಮೆ. ಗ್ಯಾಂಪನ ಪಾಠವನ್ನೇ ಮುಂದುವರಿಸಿ ಕೇಳಬಹುದು: ಅನ್ನವನ್ನು ಹುಟ್ಟಿಸಲಾಗದಿದ್ದರೆ ಹಾಗ್ವಾರ್ಟ್ಸ್‌ನ ಊಟದ ಮೇಜುಗಳು ದಿನವೂ ತುಂಬುವುದು ಹೇಗೆ? ಉತ್ತರ ನಾಲ್ಕನೆಯ ಪುಸ್ತಕದಲ್ಲಿದೆ. ನೆಲಮಾಳಿಗೆಯ ಅಡುಗೆಮನೆಯಲ್ಲಿ ಕೂಲಿಯಿಲ್ಲದೆ ದುಡಿಯುವ ಎಲ್ಫ್‌ಗಳಿದ್ದಾರೆ. ಅವರಿಗಾಗಿ ಹರ್ಮಾಯ್ನಿ ಸಂಘ ಕಟ್ಟಿದರೆ ಗೆಳೆಯರೇ ನಗುತ್ತಾರೆ. ಅಡುಗೆಮನೆಯವರೆಗೆ ಹೋಗದ ಮಾಯಾವಿದ್ಯೆಯ ಪಾಠ ಅರ್ಧ ಪಾಠ.

ಇನ್ನು ಆ ಟೊಪ್ಪಿ. ಹನ್ನೊಂದನೆಯ ವಯಸ್ಸಿಗೆ ಮಕ್ಕಳನ್ನು ಗುಣ ನೋಡಿ ನಾಲ್ಕು ಪಾಲು ಮಾಡುವ ವ್ಯವಸ್ಥೆಯನ್ನು ಓದಿದಾಗ ಭಾರತದ ಓದುಗರಿಗೆ ಕಿವಿ ನೆಟ್ಟಗಾಗಬೇಕು. ರಕ್ತಶುದ್ಧಿಯ ಹುಚ್ಚನ್ನು ಈ ಕಾದಂಬರಿಗಳು ಖಂಡಿಸುತ್ತವೆ, ನಿಜ. ನಾಲ್ಕು ಹೌಸ್‌ಗಳ ವಿಂಗಡಣೆಯನ್ನು ಮಾತ್ರ ಹಬ್ಬದಂತೆ ಆಚರಿಸುತ್ತವೆ. ಆಟದ ಶಾಲೆಗಳಲ್ಲೂ ಹೌಸ್ ಗೊತ್ತಾದ ಮೇಲೆಯೇ ಪಾಠ ಶುರು. ತಾಳಮದ್ದಳೆಗೂ ಇಂಥ ಬಾಗಿಲಿತ್ತು. ಬಹುಕಾಲ ಅರ್ಥಧಾರಿಗಳ ಸಾಲಿನಲ್ಲಿ ಹೆಂಗಸರು ಕಾಣುತ್ತಿರಲಿಲ್ಲ. ಈಗ ನಮ್ಮ ಕಡೆ ಮಹಿಳಾ ತಾಳಮದ್ದಳೆ ತಂಡಗಳಿವೆ. ಸೀತೆಯ ಮಾತನ್ನು ಹೆಣ್ಣೇ ಆಡತೊಡಗಿದ ಮೇಲೆ ರಾಮನ ಉತ್ತರಕ್ಕೂ ಹೊಸ ಹೊಣೆ ಬಂತು.

ಇಷ್ಟಾದರೂ ಈ ಆಟವನ್ನು ನಾನು ಗಂಭೀರವಾಗಿ ನೋಡಲು ಕಾರಣ ಬೇರೆ. 2003ರ ಐದನೆಯ ಪುಸ್ತಕದಲ್ಲಿ ಸರಕಾರ ಕಳುಹಿಸಿದ ಅಂಬ್ರಿಜ್ ಎಂಬ ಅಧ್ಯಾಪಕಿ ಮಂತ್ರದಂಡವನ್ನು ಚೀಲದೊಳಗಿಟ್ಟು ಪಠ್ಯಪುಸ್ತಕ ಓದಿ ಎನ್ನುತ್ತಾಳೆ. ಪರೀಕ್ಷೆಗೆ ಅಷ್ಟು ಸಾಕು ಎಂಬುದು ಅವಳ ವಾದ. ವಿದ್ಯಾರ್ಥಿಗಳು ಗುಟ್ಟಾದ ಕೋಣೆಯೊಂದರಲ್ಲಿ ತಾವೇ ಕಲಿಸಿಕೊಳ್ಳುತ್ತಾರೆ. ಅಭಿಮಾನಿಗಳ ಶಾಲೆಗಳು ಆ ಕೋಣೆಯ ಸಂತಾನ. ಸಂಶೋಧನೆಯ ನಡುವೆ ನಾನು ಪದವಿ ತರಗತಿಗಳಿಗೆ ಪಾಠ ಮಾಡುತ್ತೇನೆ. ಕವಿತೆಯೊಂದನ್ನು ಮುಂದಿಟ್ಟರೆ ಬರುವ ಮೊದಲ ಪ್ರಶ್ನೆ, ‘ಇದು ಎಷ್ಟು ಮಾರ್ಕಿಗೆ ಬರ್ತದೆ?’ ಇಂಥದೇ ಮಕ್ಕಳು ಯಾವ ಕೆಲಸಕ್ಕೂ ಬಾರದ ಅಂಕಕ್ಕಾಗಿ, ಪುಸ್ತಕ ಹೇಳದೆ ಬಿಟ್ಟ ನಾಲ್ಕು ಅಪವಾದಗಳ ಮೇಲೆ ಪುಟಗಟ್ಟಲೆ ಬರೆಯುತ್ತಾರೆ. ಹಾಗಾದರೆ ದೋಷ ಅಂಕದ್ದಲ್ಲ, ಅಂಕ ಅಲ್ಲಿಯೂ ಇದೆ. ನಮ್ಮ ತರಗತಿಯಲ್ಲಿ ಉತ್ತರ ಮೊದಲೇ ಗೈಡಿನಲ್ಲಿದೆ. ಅಲ್ಲಿ ಉತ್ತರ ಯಾರ ಬಳಿಯೂ ಇಲ್ಲ, ಟೀಚರ ಬಳಿಯೂ ಇಲ್ಲ. ಸಾಹಿತ್ಯದ ಪಾಠ ನಿಜವಾಗುವುದು ಅಂಥ ಜಾಗದಲ್ಲಿಯೇ.

ಅಂಥ ಜಾಗ ಯಾರ ಸೊತ್ತು ಎಂಬ ಪ್ರಶ್ನೆಯೂ ಇದೆ. ಅಮೆರಿಕದ ಹೆದರ್ ಲಾವರ್ ಎಂಬ ಹದಿಹರೆಯದ ಹುಡುಗಿ ಹಾಗ್ವಾರ್ಟ್ಸ್‌ನ ಪತ್ರಿಕೆಯೊಂದನ್ನು ಆಟಕ್ಕೆ ಕಟ್ಟಿ, ಬೇರೆ ಬೇರೆ ದೇಶಗಳ ಮಕ್ಕಳಿಂದ ಅಲ್ಲಿನ ವಿದ್ಯಾರ್ಥಿಗಳಾಗಿ ಬರೆಸುತ್ತಿದ್ದಳು. 2001ರ ಹೊತ್ತಿಗೆ ಸಿನಿಮಾ ಹಕ್ಕು ಪಡೆದಿದ್ದ ವಾರ್ನರ್ ಬ್ರದರ್ಸ್ ಅಭಿಮಾನಿಗಳ ತಾಣಗಳಿಗೆ ನೋಟಿಸು ಕಳುಹಿಸಿದಾಗ ಅವಳು ಬಹಿಷ್ಕಾರ ಚಳವಳಿ ಹೂಡಿದಳು. ಕಂಪನಿ ಪಟ್ಟು ಸಡಿಲಿಸಬೇಕಾಯಿತು. ಮುಂದೆ 2020ರಲ್ಲಿ ಲಿಂಗತ್ವದ ಬಗ್ಗೆ ಜೆ.ಕೆ. ರೌಲಿಂಗ್ ಬರೆದ ಮಾತುಗಳಿಂದ ನೊಂದ ಅನೇಕ ಓದುಗರು ಆಟ ಬಿಟ್ಟರು. ಇನ್ನು ಕೆಲವರು ‘ಶಾಲೆ ನಮ್ಮದು’ ಎಂದು ಉಳಿದರು. ವಾಲಿ ಯಾರವನು ಎಂದು ಅರ್ಥಧಾರಿಗೆ ಯಾರೂ ನೋಟಿಸು ಕೊಡುವುದಿಲ್ಲ. ನಮಗೆ ಇದು ಎಷ್ಟು ದೊಡ್ಡ ಸವಲತ್ತು ಎಂಬುದು ಈ ಮಕ್ಕಳ ಜಗಳ ನೋಡಿದಾಗ ತಿಳಿಯುತ್ತದೆ.

ನಮ್ಮಲ್ಲೂ ಒಂದು ಮಾಯಾವಿದ್ಯೆಯ ಶಾಲೆಯ ಕಥೆಯಿದೆ. ಸತ್ತವರನ್ನು ಬದುಕಿಸುವ ಸಂಜೀವಿನಿ ವಿದ್ಯೆ ಕಲಿಯಲು ಬೃಹಸ್ಪತಿಯ ಮಗ ಕಚ ಶುಕ್ರಾಚಾರ್ಯನ ಆಶ್ರಮಕ್ಕೆ ಹೋಗುತ್ತಾನೆ. ಮೂರು ಸಲ ಸತ್ತು, ಕೊನೆಗೆ ಗುರುವಿನ ಹೊಟ್ಟೆಯೊಳಗೇ ಕೂತು ಕಲಿಯುತ್ತಾನೆ. ಆ ವಿದ್ಯೆ ನಿನಗೆ ಫಲಿಸದಿರಲಿ ಎಂದು ದೇವಯಾನಿ ಶಪಿಸಿದಾಗ ಅವನು ಕೊಡುವ ಉತ್ತರ: ಫಲಿಸದಿರಲಿ, ನಾನು ಕಲಿಸಿದವರಿಗೆ ಫಲಿಸುತ್ತದೆ. ಆಟದ ಶಾಲೆಯ ಮೇಷ್ಟ್ರುಗಳ ಪಾಡೂ ಇದೇ. ಮಂತ್ರ ಅವರಿಗೆ ಫಲಿಸುವುದಿಲ್ಲ, ಓದು ಅವರ ವಿದ್ಯಾರ್ಥಿಗಳಿಗೆ ಫಲಿಸುತ್ತದೆ.

ಇಂಥ ಶಾಲೆಯೊಂದನ್ನು ಕನ್ನಡದಲ್ಲಿ ತೆರೆಯುವುದಾದರೆ ಮೊದಲ ಹೋಂವರ್ಕ್ ಸಿದ್ಧವಿದೆ. ಅಷ್ಟು ವರ್ಷ ಆಶ್ರಮದಲ್ಲಿದ್ದ ಕಚ ಗುರುವಿನ ದನ ಕಾಯುತ್ತಿದ್ದ ಎಂದು ಮಹಾಭಾರತ ಹೇಳುತ್ತದೆ. ಆ ವರ್ಷಗಳಲ್ಲಿ ಶುಕ್ರ ಅವನಿಗೆ ಏನು ಕಲಿಸಿದ ಎಂದು ಹೇಳುವುದಿಲ್ಲ.