ದೋಣಿ ಬಿರಿಯುವುದು ದಾರಿಯಲ್ಲಿ

ಹುಟ್ಟಿಗೆ ಯಾವ ಮರ ಒಳ್ಳೆಯದೆಂಬ ಚರ್ಚೆ ಈ ವಾರವೂ ಮುಂದುವರಿಯಬೇಕಿತ್ತು. ಅದು ಕಾಯಲಿ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಕೃಷ್ಣಾ ನದಿಗೆ ನೀರು ಬಿಡುವ ಕಾಲ ಬಂತು, ಫೈಬರ್ ದೋಣಿ ಇಟ್ಟುಕೊಂಡವರು ಟ್ರೇಲರ್ ಹೊರಗೆಳೆಯುವ ಹೊತ್ತಿದು. 2019ರ ಆಗಸ್ಟಿನಲ್ಲಿ ಸುಮಾರು 6 ಲಕ್ಷ ಕ್ಯುಸೆಕ್ ನೀರು ಹರಿದು ಶಹಾಪುರದ ಕಡೆಯ ಕೊಳ್ಳೂರು (ಎಂ) ಸೇತುವೆ ಮುಳುಗಿತ್ತು. ಅಂಥ ಹೊತ್ತಿನಲ್ಲಿ ಈ ದಂಡೆಯ ದೋಣಿ ಆಚೆ ದಂಡೆಗೆ ಬೇಕೆಂದರೆ ರಸ್ತೆಯಲ್ಲೇ ದೂರ ಸುತ್ತಬೇಕು. ದೋಣಿ ಸಿಗದಿದ್ದರೆ ಏನಾಗುತ್ತದೆಂದು ಸುರಪುರ ಸೀಮೆಯ ನೀಲಕಂಠರಾಯನಗಡ್ಡಿ ಬಲ್ಲದು. 2014ರ ಮಳೆಗಾಲದಲ್ಲಿ ಆ ನಡುಗಡ್ಡೆಯ ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆಬುರುಡೆ ಕಟ್ಟಿಕೊಂಡು, ಮನೆಯವರ ಜತೆ ತುಂಬಿದ ಕೃಷ್ಣೆಯನ್ನು ಈಜಿ ದಾಟಿದ್ದರು.

ಆದ್ದರಿಂದ ದೋಣಿ ದಂಡೆಗೆ ಗಟ್ಟಿಯಾಗಿಯೇ ತಲುಪಬೇಕು. ನೀರು ಅದರ ತಳವನ್ನು ಉದ್ದಕ್ಕೂ ಎತ್ತಿ ಹಿಡಿಯುತ್ತದೆ, ಟ್ರೇಲರ್ ಹಿಡಿಯುವುದು ಕೆಲವೇ ಕಡೆ. ಟ್ರೇಲರಿನಲ್ಲಿ ದೋಣಿ ಕೂರುವ ಹಾಸುಮರಗಳು ತಳದ ಒಳಗಿನ ಉದ್ದಪಟ್ಟಿಗಳ ನೇರಕ್ಕೇ ಬರಬೇಕು, ಮುಖ್ಯವಾಗಿ ಹಿಂದಿನ ಹಲಗೆಯವರೆಗೆ ಚಾಚಿರಬೇಕು. ಮೋಟಾರು ನೇತಾಡುವುದು ಅಲ್ಲೇ, ಐವತ್ತು ಅರವತ್ತು ಕಿಲೋ. ಹಾಸುಮರ ಗೇಣುದ್ದ ಮೊದಲೇ ಮುಗಿದಿದ್ದರೆ ಪ್ರತಿ ತಗ್ಗಿನಲ್ಲೂ ಆ ಭಾರ ಹಿಂತುದಿಯನ್ನು ಕೆಳಕ್ಕೆ ಜಗ್ಗಿ, ತಳದಲ್ಲಿ ಕೊಕ್ಕೆಯಂಥ ಬಾಗು ಹುಟ್ಟುತ್ತದೆ. ಆಮೇಲೆ ವೇಗ ಏರಿಸಿದಾಗ ದೋಣಿ ಮೂತಿ ಎತ್ತುವುದಿಲ್ಲ, ಅದಕ್ಕೆ ಮೋಟಾರನ್ನು ಬೈಯುತ್ತಾರೆ. ನೇರವಾದ ಅಲ್ಯೂಮಿನಿಯಂ ಪಟ್ಟಿಯನ್ನು ಹಿಂಭಾಗದ ತಳಕ್ಕೆ ಉದ್ದಕ್ಕೆ ಹಿಡಿದು ನೋಡಿ. ಪಟ್ಟಿಗೂ ತಳಕ್ಕೂ ನಡುವೆ ಬೆಳಕು ಕಂಡರೆ ಬಾಗು ಬಂದಾಗಿದೆ.

ಹಗ್ಗ ಬಿಗಿದರೆ ಎಲ್ಲ ಸರಿಹೋಗುತ್ತದೆ ಎನ್ನುವ ಪಂಥದ ಜತೆ ನನ್ನದು ಹಳೆಯ ಜಗಳ. ಓರೆಯಾಗಿ ಕೂತ ದೋಣಿಗೆ ಹಗ್ಗ ಬಿಗಿದಷ್ಟೂ ಆ ಓರೆಯೇ ತಳಕ್ಕೆ ಒತ್ತುತ್ತದೆ. ಹಾಸುಮರದ ಬದಲು ರೋಲರ್ ಸಾಕೆನ್ನುವ ಪಂಥದವರ ಮಾತಿನಲ್ಲಿ ತಿರುಳಿದೆ. ನಮ್ಮ ದಂಡೆಯ ಎರೆಮಣ್ಣಿನಲ್ಲಿ ಟ್ರೇಲರನ್ನು ನೀರಿಗಿಳಿಸಹೋದರೆ ಟ್ರ್ಯಾಕ್ಟರೂ ಹೂತುಕೊಳ್ಳುತ್ತದೆ, ರೋಲರ್ ಇದ್ದರೆ ಮೇಲಿಂದಲೇ ದೋಣಿ ಜಾರಿಸಬಹುದು. ಆದರೆ ಇಳಿಸುವಾಗಿನ ಐದು ನಿಮಿಷದ ಸುಖಕ್ಕಾಗಿ ದಾರಿಯುದ್ದಕ್ಕೂ ತಳವನ್ನು ಅಂಗೈಯಗಲದ ರೋಲರಿನ ಮೇಲೆ ಕುಟ್ಟಿಸುವುದನ್ನು ನಾನು ಒಪ್ಪಲಾರೆ. ತಳದ ನಡುವಿನ ಏಣಿಗೆ ಒಂದೆರಡು ರೋಲರ್ ಇರಲಿ, ಭಾರ ಹೊರುವುದು ಹಾಸುಮರ.

ಇನ್ನು ಮುಂಭಾರ. ಬಂಡಿಗೆ ಹೇರು ಹಿಂದಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂದಾದರೆ ಹೆಗಲು ಕುಸಿಯುತ್ತದೆ. ಟ್ರೇಲರಿಗೂ ಅದೇ ಲೆಕ್ಕ. ಒಟ್ಟು ತೂಕದ ನೂರಕ್ಕೆ 7ರಿಂದ 10 ಪಾಲು ಕೊಂಡಿಯ ಮೇಲೆ ಬೀಳಬೇಕು; 600 ಕಿಲೋ ಇದ್ದರೆ 42ರಿಂದ 60. ಹತ್ತಿ ಮಿಲ್ಲಿನ ವೇಬ್ರಿಡ್ಜ್‌ನಲ್ಲಿ ಒಟ್ಟು ತೂಗಿಸಿ, ಕೊಂಡಿಯನ್ನು ಚೀಲ ತೂಗುವ ಕಾಂಟಾದ ಮೇಲಿಡಿ. ಕಡಿಮೆ ಬಂದರೆ ವೇಗದಲ್ಲಿ ಟ್ರೇಲರ್ ಹಾವಿನಂತೆ ಓಲಾಡುತ್ತದೆ. ಸರಿಪಡಿಸಲು ಜನ ದೋಣಿಯನ್ನೇ ಮುಂದಕ್ಕೆ ಎಳೆಯುತ್ತಾರೆ. ಆಗ ಹಿಂದಿನ ಹಲಗೆಯಾಚೆ ಉಳಿಯುವುದು ಖಾಲಿ ಹಾಸುಮರ, ದೋಣಿಯ ಮೂತಿಗೆ ಆಧಾರ ತಪ್ಪುತ್ತದೆ. ಅಚ್ಚಿನ ಯು-ಬೋಲ್ಟ್ ಸಡಿಲಿಸಿ ಅಚ್ಚನ್ನೇ ಹಿಂದಕ್ಕೆ ಸರಿಸಿ.

ಗಾಲಿಯ ಬೇರಿಂಗ್ ಬಗ್ಗೆ ಬರೆಯಬೇಕೆಂದಿದ್ದೆ, ಆದರೆ ಮನಸ್ಸು ತೆಪ್ಪದ ಕಡೆ ಎಳೆಯುತ್ತಿದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಹೊಳೆ ದಾಟಿಸುವ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ: ಬುಟ್ಟಿಯ ಆಕಾರ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಯುವಷ್ಟು ದೊಡ್ಡವು, ಬೇಕಾದರೆ ಕುದುರೆ ಎತ್ತುಗಳೂ ಏರುತ್ತವೆ. ಚರ್ಮದ ಬದಲು ಇಂದು ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ, ನೇಯ್ಗೆ ಬಿದಿರಿನದು. ಸಣ್ಣ ತೆಪ್ಪವನ್ನು ಒಬ್ಬರೇ ತಲೆಯ ಮೇಲೆ ಬೋರಲು ಹಾಕಿಕೊಂಡು ಹೊಲದ ಬದುವಿನಲ್ಲಿ ನಡೆದುಬಿಡುತ್ತಾರೆ, ಟ್ರೇಲರಿನ ಗೊಡವೆಯೇ ಇಲ್ಲ.

ಫೈಬರ್ ದೋಣಿಯವರು ಮಳೆಗಾಲದಲ್ಲಿ ಒಂದು ಸಣ್ಣ ತೆಪ್ಪವನ್ನು ದೋಣಿಯ ಮೂತಿಯ ಮೇಲೆ ಬೋರಲು ಕಟ್ಟಿಕೊಂಡೇ ಹೊರಡಲಿ. ಕೊಂಡಿಗೆ ಬೇಕಾದ ಭಾರ ಒಂದಿಷ್ಟು ಅದರಿಂದಲೂ ಸಿಗುತ್ತದೆ, ಎರೆಯಲ್ಲಿ ಗಾಲಿ ನಿಂತಲ್ಲಿಂದ ಮುಂದಕ್ಕೆ ತೆಪ್ಪವಾದರೂ ದಂಡೆ ಸೇರುತ್ತದೆ.