ಕಲ್ಯಾಣದ ನಿಷ್ಠುರ ನುಡಿ ಮತ್ತು ಅದರ ವಾರಸುದಾರರು

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ರೂಪುಗೊಂಡ ವಚನ ಪರಂಪರೆಯನ್ನು ವಾಕ್‌ಸ್ವಾತಂತ್ರ್ಯದ ತವರೆಂದು ಕೊಂಡಾಡುವುದು ಬೀದರ್ ಸೀಮೆಯಲ್ಲಿ ರೂಢಿಯಾಗಿದ್ದು, ಅನುಭವ ಮಂಟಪವನ್ನು ಜಗತ್ತಿನ ಮೊದಲ ಸಂಸತ್ತೆಂದು ಕರೆಯದ ಭಾಷಣ ಅಲ್ಲಿ ಅಪರೂಪ. ಈ ಹೊಗಳಿಕೆ ಪೂರ್ತಿ ಸುಳ್ಳಲ್ಲ. ಆದರೆ ಆ ಪರಂಪರೆಯಲ್ಲಿ ಮಾತು ಯಾರಿಗೆ ತಾಗುತ್ತಿತ್ತು, ತಾಗಿದವರು ಏನು ಮಾಡಿದರು ಎಂಬ ಪ್ರಶ್ನೆಯನ್ನು ಅದು ಎತ್ತುವುದೇ ಇಲ್ಲ.

ಶರಣರ ವಚನಗಳನ್ನು ಸಂವಾದದ ರೂಪದಲ್ಲಿ ಜೋಡಿಸಿದ, ಹದಿನೈದನೆಯ ಶತಮಾನದಲ್ಲಿ ಮೊದಲು ಸಂಕಲನಗೊಂಡ 'ಶೂನ್ಯಸಂಪಾದನೆ'ಯಲ್ಲಿ ಈ ಪ್ರಶ್ನೆಗೆ ಸಂಬಂಧಿಸಿದ ಒಂದು ಪ್ರಸಂಗವಿದೆ. ಸೊನ್ನಲಿಗೆಗೆ, ಅಂದರೆ ಇಂದಿನ ಸೊಲ್ಲಾಪುರಕ್ಕೆ, ಬಂದ ಅಲ್ಲಮಪ್ರಭು ಅಲ್ಲಿ ಕೆರೆ, ಗುಡಿಗಳನ್ನು ಕಟ್ಟಿಸುತ್ತಿದ್ದ ಸಿದ್ಧರಾಮನನ್ನು 'ಒಡ್ಡ' ಎಂದು ಹಂಗಿಸುತ್ತಾನೆ. ಕೆರಳಿದ ಕೆಲಸದವರು ಕಲ್ಲೆಸೆಯುತ್ತಾರೆ. ಕಲ್ಲುಗಳು ಗುಡ್ಡೆಯಾಗುತ್ತವೆಯೇ ಹೊರತು ಅಲ್ಲಮನಿಗೆ ತಾಗುವುದಿಲ್ಲ. ವ್ಯಾಖ್ಯಾನಕಾರರು ಇದನ್ನು ಜ್ಞಾನಿಯ ಎದುರು ಅಜ್ಞಾನದ ಸೋಲೆಂದು ವಿವರಿಸುತ್ತ ಬಂದಿದ್ದಾರೆ. ಆದರೆ ಗುರುವಿಗಾದ ಅವಮಾನದ ಜೊತೆಗೆ ಮಣ್ಣು ಹೊತ್ತು ಕಲ್ಲು ಒಡೆಯುವ ಒಂದು ಕುಲದ ಹೆಸರೇ ಬೈಗುಳವಾಗಿ ಬಳಕೆಯಾದದ್ದು ಆ ಕೂಲಿಯವರ ಕಿವಿಗೆ ಹೇಗೆ ಕೇಳಿಸಿರಬೇಕು ಎಂಬುದನ್ನು ಯೋಚಿಸಿದರೆ ಪ್ರಸಂಗದ ಬಣ್ಣವೇ ಬದಲಾಗುತ್ತದೆ. ಆ ಸಮುದಾಯ ಈಗ ಭೋವಿ ಎಂಬ ಹೆಸರನ್ನು ಗೌರವದಿಂದ ಧರಿಸಿದೆ, ಸಿದ್ಧರಾಮನನ್ನೇ ಕುಲಗುರುವೆಂದು ನಂಬಿದೆ.

ನುಡಿಯ ಇಂಥ ಎಚ್ಚರವನ್ನು, ಅಂದರೆ ತಲೆತಲಾಂತರದಿಂದ ತುಳಿತಕ್ಕೊಳಗಾದವರನ್ನು ಮಾತಿನಲ್ಲೂ ತುಳಿಯಬಾರದೆಂಬ ನಿಲುವನ್ನು, ಇಂದು ಪೊಲಿಟಿಕಲ್ ಕರೆಕ್ಟ್‌ನೆಸ್ ಎಂದು ಹೆಸರಿಸಿ ಗೇಲಿ ಮಾಡುವವರಿದ್ದಾರೆ. ಗೇಲಿ ಅನಗತ್ಯ, ಆದರೆ ಈ ಎಚ್ಚರ ಹಳೆಯ ಪಠ್ಯವನ್ನು ತಿದ್ದುವ ಮಟ್ಟಕ್ಕೆ ಇಳಿಯಬಾರದು. 'ನಿರ್ಲಜ್ಜೇಶ್ವರ' ಎಂಬ ಅಂಕಿತದಲ್ಲಿ ಒಂದೇ ಒಂದು ವಚನ ಉಳಿದಿರುವ ಸೂಳೆ ಸಂಕವ್ವೆಯ ಹೆಸರಿನ ಮೊದಲ ಪದವನ್ನು ಸಭ್ಯತೆಗೆಂದು ಕೈಬಿಟ್ಟರೆ, ನಾಚಿಕೆಯನ್ನು ಲೋಕಕ್ಕೇ ಹಿಂದಿರುಗಿಸಿದ ಆ ಅಂಕಿತದ ಕಸುವೂ ಹೋಗುತ್ತದೆ.

ಆಧುನಿಕ ವಾರಸುದಾರರು ಮಾಡಿದ್ದು ಬೇರೆಯದೇ ಕೆಲಸ. ಚೆನ್ನಬಸವಣ್ಣನ ಜನನ ಮೊದಲಾದ ವಿಷಯಗಳ ಬಗೆಗೆ 'ಮಾರ್ಗ' ಸಂಪುಟದಲ್ಲಿ ಬರೆದ ಸಂಶೋಧಕ ಎಂ.ಎಂ. ಕಲಬುರ್ಗಿಯವರು 1989ರಲ್ಲಿ ತಮ್ಮ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು; ವಚನಗಳ ಸಮಗ್ರ ಸಂಪುಟಗಳ ಪ್ರಧಾನ ಸಂಪಾದಕರೂ ಅವರೇ ಆದದ್ದು ಈ ಕಥೆಯ ವ್ಯಂಗ್ಯ. 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲಿ ಅವರ ಕೊಲೆಯಾಯಿತು. ಬಸವಣ್ಣನ ಬದುಕನ್ನು ಆಧರಿಸಿದ ಪಿ.ವಿ. ನಾರಾಯಣರ 'ಧರ್ಮಕಾರಣ' ಕಾದಂಬರಿಯನ್ನು, ಅವನ ಸೋದರಿ ಅಕ್ಕನಾಗಮ್ಮನ ಚಿತ್ರಣದ ಕಾರಣಕ್ಕೆ, ಸರ್ಕಾರ 1997ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. ಬರಗೂರು ರಾಮಚಂದ್ರಪ್ಪ ಮೊದಲಾದವರ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ ಆ ಕ್ರಮವನ್ನು ಎತ್ತಿಹಿಡಿಯಿತು. ಮಾತೆ ಮಹಾದೇವಿಯವರ 'ಬಸವ ವಚನ ದೀಪ್ತಿ'ಗೆ 1998ರಲ್ಲಿ ನಿಷೇಧ ಬಿದ್ದದ್ದು 'ಕೂಡಲಸಂಗಮದೇವ' ಎಂಬ ಅಂಕಿತದ ಜಾಗದಲ್ಲಿ 'ಲಿಂಗದೇವ' ಎಂದು ಅಚ್ಚಾದುದಕ್ಕೆ. ಅಂಕಿತವೆಂದರೆ ವಚನಕಾರನ ರುಜು. ಅದನ್ನು ಬದಲಿಸಿದ್ದು ಸಂಪಾದನಾ ಶಾಸ್ತ್ರದ ದೃಷ್ಟಿಯಿಂದ ನಿಸ್ಸಂಶಯವಾಗಿ ತಪ್ಪು, ಆದರೆ ಪಾಠದ ತಪ್ಪಿಗೆ ಮದ್ದು ಸರಿಯಾದ ಪಾಠವೇ ಹೊರತು ಪೊಲೀಸರಲ್ಲ. 2017ರ ಜುಲೈನಲ್ಲಿ ಬೀದರ್ ನಗರದಲ್ಲಿ ಸ್ವತಂತ್ರ ಧರ್ಮದ ಮಾನ್ಯತೆಗಾಗಿ ಲಿಂಗಾಯತರ ಬೃಹತ್ ಸಮಾವೇಶ ನಡೆಯಿತು. ಎರಡೇ ತಿಂಗಳಲ್ಲಿ, ಸೆಪ್ಟೆಂಬರ್ 20ರಂದು, ಸುಪ್ರೀಂ ಕೋರ್ಟ್ 'ಬಸವ ವಚನ ದೀಪ್ತಿ'ಯ ನಿಷೇಧವನ್ನೂ ಉಳಿಸಿತು.

ಈ ಮೂರೂ ಪ್ರಕರಣಗಳಲ್ಲಿ ನೊಂದವರು ತುಳಿತಕ್ಕೊಳಗಾದವರಲ್ಲ, ಮಠ, ಮತ, ಸಂಘಟನೆಗಳ ಬಲವುಳ್ಳವರು. ಕೂಲಿಯವನ ನೋವಿಗೂ ಪ್ರಬಲ ಸಮುದಾಯದ ಮುನಿಸಿಗೂ 'ಭಾವನೆಗೆ ಧಕ್ಕೆ' ಎಂಬ ಒಂದೇ ಮಾತು ಸಲ್ಲುತ್ತಿರುವುದರಿಂದ ಮೊದಲನೆಯವನಿಗೆ ಮೀಸಲಾಗಬೇಕಿದ್ದ ಎಚ್ಚರವನ್ನು ಎರಡನೆಯವರು ದಕ್ಕಿಸಿಕೊಂಡಿದ್ದಾರೆ.

ಪ್ರಭುತ್ವ ಮಾತನ್ನು ಕಾಯುವುದೆಂದರೇನೆಂದು ಈ ಗಡಿಸೀಮೆಗೆ ಹೊಸದಾಗಿ ಹೇಳಬೇಕಿಲ್ಲ. ಉರ್ದುವೇ ಆಡಳಿತ ಭಾಷೆಯಾಗಿದ್ದ ನಿಜಾಮರ ಕಾಲದಲ್ಲಿ, ಹಿಂದೆ ಔರಾದ್ ತಾಲ್ಲೂಕಿಗೆ ಸೇರಿದ್ದ ಕಮಲನಗರದಲ್ಲಿ ಹುಟ್ಟಿ ಭಾಲ್ಕಿ ಹಿರೇಮಠದ ಪೀಠಕ್ಕೆ ಬಂದ ಚೆನ್ನಬಸವ ಪಟ್ಟದ್ದೇವರು, ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಆ ಬೋರ್ಡು ಇಂದು ಅಭಿಮಾನದ ಕಥೆಯಾಗಿದೆ. ಪಾಠವನ್ನು ಒಳಗಿಟ್ಟು ಬೋರ್ಡನ್ನು ಹೊರಗಿಡಬೇಕಾದ ಅಂಜಿಕೆಯ ಕಥೆಯೂ ಅದೇ.

2020ರ ಜನವರಿ 21ರಂದು ಬೀದರ್ ನಗರದ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ಕಾಯ್ದೆಯನ್ನು ಕುರಿತು ನಾಟಕವಾಡಿದಾಗ ಅದರ ಒಂದು ಮಾತು ಪ್ರಧಾನಿಗೆ ಅವಮಾನಕರವೆಂದು ದೂರು ದಾಖಲಾಯಿತು. ರಾಜದ್ರೋಹದ ಆರೋಪದಡಿ ಮುಖ್ಯ ಶಿಕ್ಷಕಿಯೂ ಒಬ್ಬ ಬಾಲಕಿಯ ತಾಯಿಯೂ ಬಂಧನಕ್ಕೊಳಗಾದರು, ಮಕ್ಕಳನ್ನು ಪೊಲೀಸರು ಮತ್ತೆ ಮತ್ತೆ ವಿಚಾರಿಸಿದರು. ಸಮವಸ್ತ್ರ ಧರಿಸಿ, ಆಯುಧ ಹೊತ್ತು ನಡೆಸಿದ ಆ ವಿಚಾರಣೆಯನ್ನು ಹೈಕೋರ್ಟ್ 2021ರಲ್ಲಿ ಆಕ್ಷೇಪಿಸಿತು. ಬಳಸಿದ ಮಾತು ಅವಹೇಳನಕರ, ಬೇಜವಾಬ್ದಾರಿಯದು, ಆದರೆ ರಾಜದ್ರೋಹವಲ್ಲ ಎಂದು ಕಲಬುರಗಿ ಪೀಠ 2023ರ ಜೂನ್‌ನಲ್ಲಿ ಪ್ರಕರಣವನ್ನೇ ರದ್ದುಪಡಿಸಿತು. ಕೆಟ್ಟ ಮಾತಿಗೂ ಅಪರಾಧಕ್ಕೂ ಗೆರೆ ಎಳೆದ ಈ ತೀರ್ಪು, ಸರ್ಕಾರದ ನೀತಿಗಳನ್ನು ಟೀಕಿಸುವ ನಾಟಕಗಳಿಂದ ಮಕ್ಕಳನ್ನು ದೂರವಿಡಬೇಕೆಂದೂ ಹೇಳಿತು. ಬಸವ ಜಯಂತಿಗೆ ಮಕ್ಕಳಿಂದ ಕಲ್ಯಾಣದ ನಾಟಕ ಆಡಿಸುವ ಶಾಲೆಗೆ ಈ ಸಲಹೆಯನ್ನು ಪಾಲಿಸುವುದು ಸುಲಭವಲ್ಲ, ಏಕೆಂದರೆ ಆ ನಾಟಕದಲ್ಲಿ ಯಾರಾದರೂ ಅರಸ ಬಿಜ್ಜಳನ ಪಾತ್ರ ಹಾಕಲೇಬೇಕಾಗುತ್ತದೆ.