ಸ್ಕ್ರೀನ್ ಬಂದಾಗ ಚೆಂಡು ಬಿಟ್ಟು ನೋಡಿ

ಬ್ಯಾಸ್ಕೆಟ್‌ಬಾಲ್ ನೋಡಲು ಹೊಸದಾಗಿ ಕೂತವರ ಕಣ್ಣು ಚೆಂಡಿನ ಬೆನ್ನು ಹತ್ತುವುದು ಸಹಜ. ಆದರೆ ರಕ್ಷಣೆಯ ಸೊಗಸು ಬಹಳ ಸಲ ಚೆಂಡಿಲ್ಲದ ಕಡೆ ಇರುತ್ತದೆ. ಅದನ್ನು ಹಿಡಿಯಲು ಸ್ಕ್ರೀನ್‌ಗಿಂತ ಒಳ್ಳೆಯ ಗಳಿಗೆ ಇನ್ನೊಂದಿಲ್ಲ.

ದಾಳಿ ಮಾಡುವ ತಂಡದ ಒಬ್ಬ ಆಟಗಾರ ಎದುರಾಳಿಯ ದಾರಿಗೆ ಅಡ್ಡ ನಿಂತು ಜೊತೆಗಾರನಿಗೆ ಬಿಡುವು ಮಾಡಿಕೊಡುವುದೇ ಸ್ಕ್ರೀನ್. ನಿಂತವನು ಅಲುಗಬಾರದು, ಜರುಗಿ ತಡೆದರೆ ಫೌಲ್. ಚೆಂಡಿನವನನ್ನು ಕಾಯುವ ರಕ್ಷಕನಿಗೆ ಬೆನ್ನ ಹಿಂದೆ ಬರುವ ಈ ಗೋಡೆ ಕಾಣುವುದಿಲ್ಲ. ಕಾಣುವುದು ಸ್ಕ್ರೀನ್ ಹಾಕಲು ಬರುವವನನ್ನು ಕಾಯುತ್ತಿರುವ ಇನ್ನೊಬ್ಬ ರಕ್ಷಕನಿಗೆ. ಹಾಗಾಗಿ ಮೊದಲು ಬಾಯಿ ಬಿಡಬೇಕಾದವನು ಅವನೇ. ‘ಸ್ಕ್ರೀನ್ ಲೆಫ್ಟ್!’ ಎಂಬ ಕೂಗು ಮೈಗೆ ಮೈ ತಾಗುವ ಮುಂಚೆ ಬರಬೇಕು. ತಾಗಿದ ಮೇಲೆ ಬಂದ ಕೂಗಿನಿಂದ ಪ್ರಯೋಜನವಿಲ್ಲ.

ಕೂಗಿನ ನಂತರ ಕಾಲುಗಳನ್ನು ಗಮನಿಸಿ. ಎದುರಾಳಿ ಒಳ್ಳೆಯ ಶೂಟರ್ ಆಗಿದ್ದರೆ ರಕ್ಷಕ ಅವನ ಮೈಗೆ ಒತ್ತಿಕೊಂಡು, ಒಂದು ಕಾಲನ್ನು ಮೊದಲೇ ಸ್ಕ್ರೀನಿನಾಚೆ ಇಟ್ಟು, ಸೊಂಟ ಓರೆ ಮಾಡಿ ಇಬ್ಬರ ನಡುವೆ ನುಸುಳುತ್ತಾನೆ. ಆ ಹೊತ್ತಿನಲ್ಲಿ ಎತ್ತರದ ರಕ್ಷಕ ಹಿಂದೆ ಸರಿದು ಚೆಂಡಿಗೂ ಬುಟ್ಟಿಗೂ ನಡುವೆ ನಿಂತರೆ ಅದು ಡ್ರಾಪ್. ದೂರದ ಶಾಟ್ ಅಷ್ಟಾಗಿ ಬಾರದವನು ಎದುರಿಗಿದ್ದರೆ ರಕ್ಷಕ ಸ್ಕ್ರೀನಿನ ಹಿಂದಿನಿಂದ ಸುತ್ತಿ ಬರುತ್ತಾನೆ. ಇಬ್ಬರೂ ಎದುರಾಳಿಗಳನ್ನು ಅದಲುಬದಲು ಮಾಡಿಕೊಂಡರೆ ಸ್ವಿಚ್. ಉಳಿದ ಮೂವರೂ ಸುಮ್ಮನಿರುವುದಿಲ್ಲ: ಬುಟ್ಟಿಯತ್ತ ಓಡುವ ಸ್ಕ್ರೀನರ್‌ನನ್ನು ತಡೆಯಲು ಒಂದೆರಡು ಹೆಜ್ಜೆ ಒಳಗೆ ಬಂದಿರುತ್ತಾರೆ.

ಪ್ರತಿ ಉತ್ತರಕ್ಕೂ ಬೆಲೆಯಿದೆ. 2016ರ ಜೂನ್ 19ರಂದು ಓಕ್ಲೆಂಡ್‌ನಲ್ಲಿ ನಡೆದ ಎನ್‌ಬಿಎ ಫೈನಲ್ಸ್‌ನ ಏಳನೇ ಪಂದ್ಯದ ಕೊನೆಯ ನಿಮಿಷವನ್ನು ಹುಡುಕಿ ನೋಡಿ. ಗೋಲ್ಡನ್ ಸ್ಟೇಟ್ ವಾರಿಯರ್ಸ್ ಮತ್ತು ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ 89–89ರಲ್ಲಿ ಸಮ. ಜೆ.ಆರ್. ಸ್ಮಿತ್ ಸ್ಕ್ರೀನ್‌ಗೆ ಬಂದರು. ವಾರಿಯರ್ಸ್ ಸ್ವಿಚ್ ಮಾಡಿತು. ಕೈರಿ ಇರ್ವಿಂಗ್ ಎದುರು ಸ್ಟೀಫನ್ ಕರಿ ಉಳಿದರು. ಕ್ಲೀವ್‌ಲ್ಯಾಂಡ್‌ಗೆ ಬೇಕಿದ್ದದ್ದೇ ಆ ಜೋಡಿ. 53 ಸೆಕೆಂಡ್ ಬಾಕಿಯಿರುವಾಗ ಇರ್ವಿಂಗ್ ಮೂರು ಪಾಯಿಂಟ್ ಹೊಡೆದರು.

ಮರುದಾಳಿಯಲ್ಲಿ ಕ್ಲೀವ್‌ಲ್ಯಾಂಡ್ ಸ್ವಿಚ್ ಮಾಡಬೇಕಾಯಿತು. ಎತ್ತರದ ಫಾರ್ವರ್ಡ್ ಕೆವಿನ್ ಲವ್ ಪಾಲಿಗೆ ಬಂದವರು ಆ ಕಾಲದ ಅತ್ಯುತ್ತಮ ಶೂಟರ್ ಕರಿ. ಲವ್ ಹಿಂದೆ ಸರಿಯಲಿಲ್ಲ. ಮೂರು ಪಾಯಿಂಟ್ ಗೆರೆಯ ಆಚೆಗೇ ಹೋಗಿ, ಮಂಡಿ ಬಾಗಿಸಿ, ಸಣ್ಣ ಸಣ್ಣ ಹೆಜ್ಜೆಯಲ್ಲಿ ಎಡಬಲ ಜರುಗುತ್ತ ಅಂಟಿಕೊಂಡರು. ಕರಿ ಎಸೆದದ್ದು ಬೀಳಲಿಲ್ಲ. ಪಂದ್ಯ 93–89ಕ್ಕೆ ಮುಗಿಯಿತು. ಸ್ಕೋರ್ ಪಟ್ಟಿಯಲ್ಲಿ ಲವ್ ಅವರ ಆ ಹೆಜ್ಜೆಗಳಿಗೆ ಜಾಗವಿಲ್ಲ. ಕಪ್ ಗೆಲ್ಲಿಸಿದ್ದರಲ್ಲಿ ಅವಕ್ಕೂ ದೊಡ್ಡ ಪಾಲಿದೆ.

ಟಿವಿಯಲ್ಲಿ ಕಾಮೆಂಟರಿ ಈ ಕೂಗುಗಳನ್ನು ನುಂಗಿಬಿಡುತ್ತದೆ. ಆದ್ದರಿಂದ ನಿಮ್ಮೂರಿನ ಕ್ಲಬ್ ಅಥವಾ ಕಾಲೇಜು ಪಂದ್ಯಕ್ಕೆ ಹೋಗಿ, ಅಂಕಣಕ್ಕೆ ಹತ್ತಿರ ಕೂರಿ. ಮೊದಲ ಕ್ವಾರ್ಟರ್‌ನಲ್ಲಿ ಎತ್ತರದ ರಕ್ಷಕನೊಬ್ಬನನ್ನೇ ನೋಡಿ: ಕೂಗಿದನೇ, ಯಾವಾಗ ಕೂಗಿದ, ಎಲ್ಲಿ ನಿಂತ? ಎರಡನೆಯದರಲ್ಲಿ ಅವನ ಮಾತು ಕೇಳಿದವನ ಕಾಲು ನೋಡಿ. ಒಂದು ತಂಡ ಒಗ್ಗಟ್ಟಾಗಿದೆಯೇ ಎಂಬುದನ್ನು ಅದು ಹಾಕಿದ ಬುಟ್ಟಿಗಳಿಗಿಂತ ಈ ಎರಡು ಸಂಗತಿಗಳು ಬೇಗ ಹೇಳುತ್ತವೆ.